ಮೂರೂವರೆ ವ್ಯಾಟ್ ವಾಲ್ವ್ ಆಂಪ್‌ಗೆ ಮೂರು ಜೊತೆ ಸ್ಪೀಕರ್

"ಇದೇನ್ ಸಾರ್, ಪಾರಿವಾಳದ ಗೂಡಾ?" ಎಂದು ಬಡಗಿ ಕೇಳಿದ್ದ. ಪ್ಲೈವುಡ್ ಡಬ್ಬದ ಮುಂದೆ ಒಂದು ದೊಡ್ಡ ತೂತು, ಕೆಳಗೆ ಒಂದು ಚಿಕ್ಕ ತೂತು. ಅವನ ತಪ್ಪಲ್ಲ. ಈಗ ಸರಸ್ವತಿಪುರಂನ ನಮ್ಮ ಮನೆಯ ಹಾಲಿನಲ್ಲಿ ಹಾಡುತ್ತಿರುವುದು ಆ ಗೂಡುಗಳೇ. ಅಂಗಡಿಯಿಂದ ತಂದ 38,000 ರೂಪಾಯಿಯ ಸ್ಪೀಕರ್ ಜೋಡಿ ಮಾರಿಹೋಗಿದೆ.

ನನ್ನ ಆಂಪ್ (ಸ್ಪೀಕರ್ ಓಡಿಸುವ ಆಂಪ್ಲಿಫೈಯರ್) ಸೆಕೆಂಡ್ ಹ್ಯಾಂಡ್. ಎಡ, ಬಲ ಒಂದೊಂದು ಸ್ಪೀಕರ್‌ಗೂ ಒಂದೇ ಇಎಲ್84 ವಾಲ್ವ್ (ಟ್ರಾನ್ಸಿಸ್ಟರ್‌ಗೂ ಮೊದಲಿನ ಗಾಜಿನ ಕೊಳವೆ), ಹೆಚ್ಚೆಂದರೆ 3.5 ವ್ಯಾಟ್. ಅಪ್ಪನ ಕಾಲದ ವಾಲ್ವ್ ರೇಡಿಯೋಗಳಲ್ಲಿ ಇರುತ್ತಿದ್ದ ವಾಲ್ವೇ ಇದು. ಬೆಂಗಳೂರಿನ ಬಿಇಎಲ್ ಕೂಡ ಇದನ್ನು ಮಾಡುತ್ತಿತ್ತು. ಬೆಳಿಗ್ಗೆ ಕಾಫಿ ಹೊತ್ತಿಗೆ ವೀಣೆ, ರಾತ್ರಿ ಊಟ ಆದ ಮೇಲೆ ಹಳೆಯ ಸಿನಿಮಾ ಹಾಡು. ಪಕ್ಕದ ಮನೆ ಗೋಡೆಗೆ ಗೋಡೆ. ಇಷ್ಟಕ್ಕೆ 3.5 ವ್ಯಾಟ್ ಧಾರಾಳ ಎಂದುಕೊಂಡಿದ್ದೆ. ಧಾರಾಳವೇ, ಸ್ಪೀಕರ್ ಸರಿಯಾಗಿದ್ದರೆ.

ಅಂಗಡಿಯ ಪುಟ್ಟ ಬುಕ್‌ಶೆಲ್ಫ್ ಸ್ಪೀಕರ್ ನೋಡೋಕೆ ಬಲು ಚೆಂದ. ಅಲ್ಲಿ ಕೇಳಿದಾಗ ಮೃದಂಗ ಎದೆಗೆ ಬಡಿಯಿತು. ಹಿಂದೆ ಯಾವ ಆಂಪ್ ಇದೆ ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಮನೆಗೆ ತಂದು ಹಾಕಿದರೆ ಹಾಡುವವರು ಕಂಬಳಿ ಹೊದ್ದು ಕೂತ ಹಾಗೆ. ವಾಲ್ಯೂಮ್ ಏರಿಸಿದರೆ ವೀಣೆಯ ಮೀಟು ಒಡೆಯುತ್ತಿತ್ತು. ಆಮೇಲೆ ಹಿಂಬದಿಯ ಚೀಟಿ ನೋಡಿದೆ: 84 ಡೆಸಿಬೆಲ್. ಅಂದರೆ ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಅಷ್ಟು ಸದ್ದು. ಮೂರು ಡೆಸಿಬೆಲ್ ಜಾಸ್ತಿ ಬೇಕಿದ್ದರೆ ಪವರ್ ಎರಡು ಪಟ್ಟಾಗಬೇಕು, ಹತ್ತು ಡೆಸಿಬೆಲ್ ಬೇಕಿದ್ದರೆ ಹತ್ತು ಪಟ್ಟು. ನನ್ನ 3.5 ವ್ಯಾಟ್ ಪೂರ್ತಿ ಸುರಿದರೂ 89ರ ಆಸುಪಾಸಿಗೆ ನಿಲ್ಲುತ್ತದೆ. ನಾನು ಕೂರುವುದು ಒಂಬತ್ತು ಅಡಿ ಆಚೆ. ಸ್ಪೀಕರ್ ಕೆಟ್ಟದ್ದಲ್ಲ. 50 ವ್ಯಾಟ್ ಟ್ರಾನ್ಸಿಸ್ಟರ್ ಆಂಪ್ ಇರುವವರೊಬ್ಬರು 27,000ಕ್ಕೆ ಕೊಂಡುಹೋದರು. ಅವರ ಮನೆಯಲ್ಲಿ ಅದೇ ಜೋಡಿ ಹುಲಿ.

ಎರಡನೆಯದು ಕುವೆಂಪುನಗರದ ಗೆಳೆಯನ ಟವರ್ ಸ್ಪೀಕರ್, ಒಂದು ವಾರದ ಸಾಲ. ಅದರ ಚೀಟಿಯಲ್ಲಿ 90 ಡೆಸಿಬೆಲ್ ಎಂದಿತ್ತು, ಖುಷಿಪಟ್ಟೆ. ಸಣ್ಣ ಅಕ್ಷರದಲ್ಲಿ 2.83 ವೋಲ್ಟ್, 4 ಓಮ್ ಎಂದೂ ಇತ್ತು. ಓಮ್ ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆ. 8 ಓಮ್ ಸ್ಪೀಕರ್‌ಗೆ 2.83 ವೋಲ್ಟ್ ಅಂದರೆ ಒಂದು ವ್ಯಾಟ್. 4 ಓಮ್‌ಗೆ ಅದೇ ಎರಡು ವ್ಯಾಟ್. ಲೆಕ್ಕ ಹಾಕಿದರೆ ಒಂದು ವ್ಯಾಟ್‌ಗೆ ಅದು 87ರದ್ದು. ಆಂಪ್‌ನ 4 ಓಮ್ ಟರ್ಮಿನಲ್‌ಗೇ ಕೊಟ್ಟೆ. ಸದ್ದು ಪರವಾಗಿಲ್ಲ, ಆದರೆ ಬಾಸ್ ಬಿಗಿಯಿಲ್ಲದೆ ಗುಮ್ಮ್ ಎಂದು ಉಳಿದುಬಿಡುತ್ತಿತ್ತು. ವಾಲ್ವ್ ಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್ (ಅದರ ಒಳಗಿನ ತಡೆ) ಜಾಸ್ತಿ, ಅಲುಗಿ ಸದ್ದು ಮಾಡುವ ಸ್ಪೀಕರಿನ ಭಾರದ ಕೋನನ್ನು ಹಿಡಿದು ನಿಲ್ಲಿಸೋಕೆ ಅದಕ್ಕೆ ಆಗುವುದಿಲ್ಲ. ಮಗನಿಗೆ ಮಾತ್ರ ಇದೇ ಇಷ್ಟವಾಯಿತು. ವಾಪಸ್ ಕೊಟ್ಟೆ.

ಮೂರನೆಯದು ಪಾರಿವಾಳದ ಗೂಡು. ತಗ್ಗಿನಿಂದ ಮೇಲಿನವರೆಗೆ ಎಲ್ಲ ಸ್ವರವನ್ನೂ ಒಂದೇ ನುಡಿಸುವ ಎಂಟಿಂಚಿನ ಫುಲ್‌ರೇಂಜ್ ಡ್ರೈವರ್, ಕಾಗದದ ಕೋನ್, ನಡುವೆ ಇನ್ನೊಂದು ಪುಟ್ಟ ಕೋನ್. ಮೇಲಿನ ಸ್ವರಕ್ಕೆಂದು ಬೇರೆ ಟ್ವೀಟರ್ ಇಲ್ಲ, ಸ್ವರ ಹಂಚುವ ಕ್ರಾಸ್‌ಓವರ್ ಇಲ್ಲ. 94 ಡೆಸಿಬೆಲ್. ಡ್ರೈವರ್ ಜೋಡಿಗೆ 14,000, 19 ಎಂಎಂ ಪ್ಲೈವುಡ್ ಮತ್ತು ಬಡಗಿ ಕೂಲಿ 6,500. ಮೊದಲನೆಯದಕ್ಕಿಂತ ಹತ್ತು ಡೆಸಿಬೆಲ್ ಮೇಲೆ. ಅಂದರೆ ನನ್ನ ಆಂಪ್ ಕೂತಲ್ಲೇ 35 ವ್ಯಾಟ್ ಆದ ಹಾಗೆ. ದೊರೆಸ್ವಾಮಿ ಅಯ್ಯಂಗಾರ್ ಅವರ ವೀಣೆ ಹಾಕಿದೆ. ಮೀಟಿದ್ದು, ತಂತಿ ಎಳೆದದ್ದು, ಆ ನಾದ ಕರಗಿಹೋದದ್ದು ಎಲ್ಲ ಬೇರೆ ಬೇರೆಯಾಗಿ ಕೇಳಿಸಿತು. ಅಡುಗೆಮನೆಯಿಂದ "ರೀ, ಇದು ಚೆನ್ನಾಗಿದೆ" ಎಂದು ಬಂತು. ಮೂರು ತಿಂಗಳಲ್ಲಿ ಮೊದಲ ಸಲ.

ಹಾಡು ನಿಂತಿತು. ಗುಂಯ್...

ಇಲ್ಲಿಂದ ಶುರುವಾಯಿತು ನನ್ನ ಪಾಡು. ಹಾಡು ನಡೆಯುವಾಗ ಗೊತ್ತಾಗುವುದಿಲ್ಲ, ನಿಂತ ಕೂಡಲೇ ಫ್ರಿಜ್ ಪಕ್ಕ ಮಲಗಿದ ಹಾಗೆ. ಆ ಹಮ್ ಮೊದಲೂ ಇತ್ತು. 84ರ ಸ್ಪೀಕರ್ ಅದನ್ನು ಮುಚ್ಚಿಟ್ಟಿತ್ತು, 94ರದ್ದು ಚಾಡಿ ಹೇಳಿತು ಅಷ್ಟೆ.

ಮೊದಲು ಅರ್ತಿಂಗ್ ಮೇಲೆ ಅನುಮಾನ. ಎಲೆಕ್ಟ್ರಿಷಿಯನ್ ಬಂದು ಹಿತ್ತಿಲಿನ ಗುಂಡಿಗೆ ಇದ್ದಲು, ಉಪ್ಪು ಹಾಕಿ ನಾಲ್ಕು ಬಿಂದಿಗೆ ನೀರು ಸುರಿದ. ಗೀಸರ್ ಮುಟ್ಟಿದರೆ ಜುಮ್ ಅನ್ನುತ್ತಿದ್ದದ್ದು ನಿಂತಿತು. ಹಮ್ ಮಾತ್ರ ಒಂದು ಚೂರೂ ಕಡಿಮೆ ಆಗಲಿಲ್ಲ. ಪ್ಲಗ್‌ನ ಮೂರನೇ ಪಿನ್ ಕಿತ್ತುಬಿಡಿ ಎಂದು ಒಬ್ಬರು ಸಲಹೆ ಕೊಟ್ಟರು. ದಯವಿಟ್ಟು ಆ ಕೆಲಸ ಮಾಡಬೇಡಿ. ಆಂಪ್‌ನದು ತಗಡಿನ ಮೈ, ಒಳಗೆ 300 ವೋಲ್ಟ್ ಓಡಾಡುತ್ತಿರುತ್ತದೆ.

ಆಮೇಲೆ ಹಾಡು ಹಾಕುವ ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿದೆ. ಹಮ್ ಅರ್ಧ ಇಳಿಯಿತು! ಚಾರ್ಜರ್‌ಗೂ ಆಂಪ್‌ಗೂ ಬೇರೆ ಬೇರೆ ಕಡೆ ಅರ್ತ್ ಸಿಕ್ಕಿ, ಸಿಗ್ನಲ್ ವೈರಿನ ಮೂಲಕ ಒಂದು ಸುತ್ತು ಬಿದ್ದಿತ್ತು. ಈಗ ಹಾಡು ಕೇಳುವಾಗ ಚಾರ್ಜರ್ ಹಾಕುವುದಿಲ್ಲ. ಉಳಿದರ್ಧ ವಾಲ್ಯೂಮ್ ಸೊನ್ನೆಗೆ ಇಳಿಸಿದರೂ, ಇನ್‌ಪುಟ್ ವೈರ್ ಕಿತ್ತರೂ ಹೋಗಲಿಲ್ಲ. ಅಂದಮೇಲೆ ಹೊರಗಿನದ್ದಲ್ಲ, ಆಂಪ್ ಹೊಟ್ಟೆಯೊಳಗಿನದ್ದು.

ಅಗ್ರಹಾರದ ಹತ್ತಿರ ಹಳೆಯ ರೇಡಿಯೋ ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ಆಂಪ್ ಆನ್ ಮಾಡಿ ಹತ್ತು ಸೆಕೆಂಡ್ ಕಿವಿಗೊಟ್ಟರು. "ಕೆಪಾಸಿಟರ್ ಒಣಗಿದೆ ಸ್ವಾಮಿ" ಎಂದರು. ಕರೆಂಟನ್ನು ಡಿಸಿ ಮಾಡಿದ ಮೇಲೆ ಉಳಿಯುವ 100 ಹರ್ಟ್ಸ್ ಏರಿಳಿತವನ್ನು ಸಮ ಮಾಡಬೇಕಾದ ಕೆಪಾಸಿಟರ್ ಅದು. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಚಾರ್ಜ್ ನಿಂತಿರುತ್ತದೆ, ಹಾಗಾಗಿ ಮುಚ್ಚಳ ತೆಗೆಯೋಕೂ ಬಿಡದೆ ನನ್ನನ್ನು ದೂರ ಕೂರಿಸಿದರು. ಎರಡು ಕೆಪಾಸಿಟರ್, ಕೂಲಿ, ಒಂದು ಕಾಫಿ ಸೇರಿ 900 ರೂಪಾಯಿ. ಮನೆಗೆ ಬಂದು ಹಾಕಿದೆ. ಸ್ಪೀಕರ್‌ಗೆ ಕಿವಿ ಒತ್ತಿದರೆ ಮಾತ್ರ ಸಣ್ಣಗೆ ಕೇಳಿಸುತ್ತದೆ. ಸ್ಪೀಕರ್‌ಗೆ ಕಿವಿ ಒತ್ತಿ ಯಾರು ಕೂರುತ್ತಾರೆ?

ಗೂಡಿನಲ್ಲೂ ಕೊರತೆ ಇದೆ. ಆಳದ ಬಾಸ್ ಇಲ್ಲ, ಜಂಬೂಸವಾರಿ ಬ್ಯಾಂಡ್ ಕೇಳಬೇಕೆಂದರೆ ಇದಲ್ಲ. ನೇರ ಎದುರಿಗೆ ಕೂತರೆ ಪಿಟೀಲು ಸ್ವಲ್ಪ ಕಿರುಚುತ್ತದೆ. ಡಬ್ಬಗಳನ್ನು ಒಂದಿಷ್ಟು ಹೊರಕ್ಕೆ ತಿರುಗಿಸಿದೆ, ಸರಿಹೋಯಿತು.

ದೊಡ್ಡ ಹಾಲ್ ಇದ್ದು, ಹೊಸ ಸಿನಿಮಾ ಹಾಡು ಜೋರಾಗಿ ಕೇಳುವವರು ಗೆಳೆಯನ ಟವರ್ ತಗೊಳ್ಳಲಿ, ಜೊತೆಗೆ ದೊಡ್ಡ ಆಂಪ್ ಕೂಡ. ನನಗೆ ಎರಡಕ್ಕೂ ದುಡ್ಡಿಲ್ಲ, ಜಾಗವೂ ಇಲ್ಲ. ಈ ವಾಲ್ವ್ ಆಂಪ್ ಬಿಡೋಕೆ ಮನಸ್ಸಂತೂ ಇಲ್ಲವೇ ಇಲ್ಲ. ಹಾಗಾಗಿ ಗೂಡೇ ಗಟ್ಟಿ. ಮಾರಿದ ಜೋಡಿಯಲ್ಲಿ ಹೋದ 11,000 ರೂಪಾಯಿ ಲೆಕ್ಕಕ್ಕೆ ಹಿಡಿದರೂ ಒಟ್ಟು 32,400. ಆ ಅಂಗಡಿ ಜೋಡಿಗಿಂತ ಕಡಿಮೆಯೇ ಆಯಿತು, ಅಲ್ವಾ?

ಡಬ್ಬಕ್ಕೆ ಪಾಲಿಶ್ ಇನ್ನೂ ಆಗಿಲ್ಲ. ದಸರಾ ಮುಗಿದ ಮೇಲೆ ಬರುತ್ತೇನೆ ಎಂದು ಬಡಗಿ ಹೇಳಿದ್ದ. ಅದು ಹೋದ ವರ್ಷದ ಮಾತು.