ಬಾಗಿಲಾಚೆಯಿಂದ ಬಂದ ಹಾಡು: ಫ್ಲಾರೆನ್ಸ್‌ನಲ್ಲಿ ಕೇಳಿದ ಒಪೆರಾ ಸಂಜೆ

ಇಟಲಿಯ ಫ್ಲಾರೆನ್ಸ್‌ನ ಹಳೆಯ ಊರಿನಲ್ಲಿ, ಆರ್ನೋ ನದಿಯಿಂದ ಐದಾರು ನಿಮಿಷದ ನಡಿಗೆಯಷ್ಟು ದೂರದ ಒಂದು ಸಣ್ಣ ಚರ್ಚಿನಲ್ಲಿ, ಕಳೆದ ಬೇಸಿಗೆಯಲ್ಲಿ ಜನಪ್ರಿಯ ಇಟಾಲಿಯನ್ ಒಪೆರಾ ಗೀತೆಗಳ ಸಂಜೆಯ ಕಛೇರಿಯೊಂದನ್ನು ಕೇಳಿದೆ. ಹಾಡಿದವರು ಮೂವರು: ಒಬ್ಬ ಸೊಪ್ರಾನೊ (ಎತ್ತರದ ಹೆಣ್ಣು ಕಂಠ), ಒಬ್ಬ ಟೆನರ್ (ಎತ್ತರದ ಗಂಡು ಕಂಠ) ಮತ್ತು ಒಬ್ಬ ಬ್ಯಾರಿಟೋನ್ (ಅದಕ್ಕಿಂತ ತಗ್ಗಿನ ಗಂಡು ಕಂಠ). ಅವರಿಗೆ ಪಿಯಾನೊ ನುಡಿಸಿದವರು ಒಬ್ಬ ಹಿರಿಯ ವಾದಕಿ. ಮೈಕಾಗಲಿ ರಂಗಸಜ್ಜಿಕೆಯಾಗಲಿ ವೇಷವಾಗಲಿ ಇರಲಿಲ್ಲ. ಒಂದೂಕಾಲು ಗಂಟೆಯ ಕಾರ್ಯಕ್ರಮಕ್ಕೆ 35 ಯೂರೊ ತೆತ್ತು ಒಳಗೆ ಹೋದಾಗ ನನಗೆ ದೊಡ್ಡ ನಿರೀಕ್ಷೆಯೇನೂ ಇರಲಿಲ್ಲ. ಹೊರಬರುವಾಗ ಆ ಸಂಜೆಯ ಎರಡು ಗಳಿಗೆಗಳು ಮನಸ್ಸಿನಲ್ಲಿ ಎಷ್ಟು ಆಳವಾಗಿ ನೆಟ್ಟಿದ್ದವೆಂದರೆ, ಅವುಗಳ ಬಗ್ಗೆ ಬರೆಯದಿರುವುದು ಹಾಡಿದವರಿಗೆ ಅನ್ಯಾಯವಾದೀತು ಎನಿಸಿತು.

ಒಪೆರಾ ಎಂದರೆ ಹಾಡಿನಲ್ಲೇ ನಡೆಯುವ ನಾಟಕ; ಅದರ ಪಾತ್ರವೊಂದು ತನ್ನ ಮನಸ್ಸನ್ನು ತೆರೆದು ಒಬ್ಬಂಟಿಯಾಗಿ ಹಾಡುವ ಹಾಡಿಗೆ ಆರಿಯಾ ಎನ್ನುತ್ತಾರೆ. ನಾಟಕದಲ್ಲಿ ಅದಕ್ಕೊಂದು ಸಂದರ್ಭವಿರುತ್ತದೆ. ಅದಕ್ಕೆ ಮುಂಚೆ ಅರ್ಧ ಗಂಟೆಯೋ ಒಂದು ಗಂಟೆಯೋ ಕಥೆ ನಡೆದಿರುತ್ತದೆ, ಹಾಡು ಮುಗಿದ ಮೇಲೂ ಕಥೆ ಮುಂದುವರಿಯುತ್ತದೆ. ಇಂಥ ಕಛೇರಿಗಳಲ್ಲಿ ಆ ಹಿಂದುಮುಂದನ್ನೆಲ್ಲ ಕತ್ತರಿಸಿ, ಮೂರು ನಾಲ್ಕು ನಿಮಿಷದ ಹಾಡನ್ನಷ್ಟೇ ಎತ್ತಿ ತಂದು ಕೇಳುಗರ ಮುಂದಿಡುತ್ತಾರೆ. ಹಾಗಾಗಿ ಇಂಥ ಸಂಜೆಯ ಬೆಲೆ ಕಟ್ಟಲು ನನಗೆ ಒಂದೇ ಅಳತೆಗೋಲು ತೋರುತ್ತದೆ: ಕಳೆದುಹೋದ ಆ ಸಂದರ್ಭವನ್ನು ಗಾಯಕರು ತಮ್ಮ ಕಂಠದಿಂದ, ಮುಖದಿಂದ, ನಿಲ್ಲುವ ಬಗೆಯಿಂದ ಮರಳಿ ಕಟ್ಟಿಕೊಟ್ಟರೇ, ಅಥವಾ ಸುಂದರವಾದ ರಾಗವನ್ನು ಒಪ್ಪಿಸಿ ಕೈಮುಗಿದರೇ?

ಫ್ಲಾರೆನ್ಸ್‌ನಲ್ಲಿ ಕುಳಿತು ಈ ಪ್ರಶ್ನೆ ಕೇಳುವುದಕ್ಕೆ ಇನ್ನೊಂದು ಕಾರಣವೂ ಇದೆ. ಪೂರ್ಣ ಸಂಗೀತದೊಂದಿಗೆ ನಮಗೆ ಉಳಿದುಬಂದಿರುವ ಮೊತ್ತಮೊದಲ ಒಪೆರಾ, ಯಾಕೊಪೊ ಪೇರಿಯ 'ಎವುರಿದಿಚೆ', 1600ರ ಅಕ್ಟೋಬರ್‌ನಲ್ಲಿ ಇದೇ ಊರಿನ ಪಿತ್ತಿ ಅರಮನೆಯಲ್ಲಿ, ಮರಿಯಾ ದೆ ಮೆದಿಚಿ ಮತ್ತು ಫ್ರಾನ್ಸಿನ ನಾಲ್ಕನೆಯ ಹೆನ್ರಿಯ ಮದುವೆಯ ಸಂಭ್ರಮದಲ್ಲಿ ಪ್ರದರ್ಶನ ಕಂಡಿತು. ಮಾತಿನ ಭಾವವೇ ರಾಗವನ್ನು ನಡೆಸಬೇಕು ಎಂದು ಹಟ ಹಿಡಿದ ವಿದ್ವಾಂಸರ ಮತ್ತು ಸಂಗೀತಗಾರರ ಗುಂಪು ಇಲ್ಲಿತ್ತು. ಆ ಹಟದಿಂದಲೇ ಈ ಕಲೆ ಹುಟ್ಟಿತು. ಇಟಲಿಯ ಒಪೆರಾ ಗಾಯನ ಪದ್ಧತಿಯನ್ನು ಯುನೆಸ್ಕೊ 2023ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಪ್ರವಾಸಿಗರೇ ತುಂಬಿದ ಸಣ್ಣ ಚರ್ಚಿನ ಕಛೇರಿಯಾದರೂ ಆ ಪದ್ಧತಿಯ ಒಂದು ಕವಲೇ ಆಗಿರುವುದರಿಂದ, ಅದನ್ನು ಆ ಗೌರವದಿಂದಲೇ ಕೇಳಬೇಕು, ಆ ಕಟ್ಟುನಿಟ್ಟಿನಿಂದಲೇ ಅಳೆಯಬೇಕು.

ಮೊದಲು ಕಂಠದ ಮಾತು. ಮೈಕಿಲ್ಲದ ಒಪೆರಾ ಕಂಠವನ್ನು ಹತ್ತಿರದಿಂದ ಕೇಳುವುದು ಮೈಯೆಲ್ಲ ಕಿವಿಯಾಗುವ ಅನುಭವ. ತರಬೇತಾದ ಗಾಯಕರು, ಅದರಲ್ಲೂ ಗಂಡು ಕಂಠದವರು, ಗಂಟಲ ಮೇಲಿನ ಪೊಳ್ಳನ್ನು ರೂಪಿಸಿಕೊಳ್ಳುವ ಬಗೆಯಿಂದ ಧ್ವನಿಯ ಶಕ್ತಿಯ ಗಣನೀಯ ಪಾಲು ಸುಮಾರು 3000 ಹರ್ಟ್ಸ್‌ನ ಆಸುಪಾಸಿನಲ್ಲಿ ಒಟ್ಟುಗೂಡುತ್ತದೆ. ವಾದ್ಯಮೇಳದ ಸದ್ದು ಆ ಎತ್ತರದಲ್ಲಿ ತೆಳುವಾಗಿರುತ್ತದೆ, ನಮ್ಮ ಕಿವಿ ಅಲ್ಲಿಯೇ ಬಹಳ ಚುರುಕಾಗಿರುತ್ತದೆ. ಹಾಗಾಗಿ ಒಂದೇ ಕಂಠ ಎಪ್ಪತ್ತು ವಾದ್ಯಗಳನ್ನು ದಾಟಿ ಹಿಂದಿನ ಸಾಲನ್ನು ಮುಟ್ಟಬಲ್ಲದು. ಇಲ್ಲಿ ಎದುರಿಗಿದ್ದದ್ದು ಒಂದು ಪಿಯಾನೊ ಮಾತ್ರ. ಬ್ಯಾರಿಟೋನ್ ಬಾಯಿ ತೆರೆದ ಮೊದಲ ಕ್ಷಣದಲ್ಲೇ ಮುಂದಿನ ಸಾಲಿನ ಹಲವರು ತಮಗರಿವಿಲ್ಲದೆ ಬೆನ್ನು ನೆಟ್ಟಗೆ ಮಾಡಿ ಕುಳಿತರು.

ಅವರು ಆರಂಭಿಸಿದ್ದು ರೊಸ್ಸೀನಿಯ 'ಸೆವಿಲ್ಲಾದ ಕ್ಷೌರಿಕ' ಒಪೆರಾದಲ್ಲಿ ಫಿಗಾರೊ ಹಾಡುವ 'ಲಾರ್ಗೊ ಅಲ್ ಫಾಕ್ತೋತುಮ್' ಹಾಡಿನಿಂದ. ಆಯ್ಕೆ ಸಹಜವಾದದ್ದೇ, ಆದರೆ ಜಾಗಕ್ಕೆ ಹೊಂದಲಿಲ್ಲ. ಕಲ್ಲಿನ ಗೋಡೆ, ಎತ್ತರದ ಕಮಾನು ಇರುವ ಕಟ್ಟಡದಲ್ಲಿ ಒಂದು ಉಚ್ಚಾರದ ಅನುರಣನ ಅಡಗುವ ಮುನ್ನವೇ ಮುಂದಿನ ಐದು ಉಚ್ಚಾರಗಳು ಅದರ ಮೇಲೆ ಬಂದು ಬೀಳುತ್ತವೆ. ನಾಲಿಗೆಯ ಚಳಕವೇ ಜೀವಾಳವಾಗಿರುವ ಹಾಡಿನಲ್ಲಿ ಮಾತುಗಳು ಕಲಸಿಹೋದರೆ ಉಳಿಯುವುದು ಬರೀ ಉತ್ಸಾಹ. ಅದೇ ಗೋಡೆಗಳು ನಿಧಾನದ ಹಾಡಿಗೆ ಎಷ್ಟು ಉಪಕಾರಿ ಎಂಬುದು ಮುಂದಿನ ಹಾಡಿನಲ್ಲಿಯೇ ತಿಳಿಯಿತು. ದೊನಿಜೆತ್ತಿಯ 1832ರ 'ಲೆಲಿಸಿರ್ ದಾಮೋರೆ'ಯ 'ಉನಾ ಫುರ್ತಿವಾ ಲಾಗ್ರಿಮಾ'ವನ್ನು ಟೆನರ್ ತಗ್ಗಿದ ಧ್ವನಿಯಲ್ಲಿ ಎತ್ತಿಕೊಂಡಾಗ ಪ್ರತಿ ಸ್ವರವೂ ಕಮಾನಿನ ಕೆಳಗೆ ಅರೆಕ್ಷಣ ತಂಗಿ ಹೋಗುತ್ತಿತ್ತು. ತಾನು ಪ್ರೀತಿಸಿದವಳ ಕಣ್ಣಂಚಿನಲ್ಲಿ ಒಂದು ಹನಿಯನ್ನು ಕಂಡು, ಅವಳಿಗೂ ತನ್ನ ಮೇಲೆ ಪ್ರೀತಿಯಿದೆ ಎಂದು ಅರಿತ ಹಳ್ಳಿಯ ಮುಗ್ಧ ಹುಡುಗನ ಹಾಡು ಅದು. ಟೆನರ್ ಅದನ್ನು ಕೊನೆಯವರೆಗೂ ಮುಗ್ಧವಾಗಿಯೇ ಉಳಿಸಿಕೊಂಡರು.

ಬಳಿಕ ಅದೇ ಟೆನರ್ ವೆರ್ದಿಯ 'ರಿಗೊಲೆತ್ತೊ'ದ 'ಲಾ ದೊನ್ನಾ ಎ ಮೊಬಿಲೆ' ಹಾಡಿದರು. ಸಭೆ ಮೊದಲ ಸಾಲಿಗೇ ತಲೆದೂಗಿತು. ಹಾಡು ಚೆನ್ನಾಗಿತ್ತು, ಅಷ್ಟೇ ಎಂದು ಆಗ ನನಗನಿಸಿತು. ಅದರ ಬಗೆಗಿನ ಮಾತನ್ನು ಮುಂದಕ್ಕೆ ಇಟ್ಟುಕೊಳ್ಳುತ್ತೇನೆ.

ಸಂಜೆಯ ಮೊದಲ ದೊಡ್ಡ ಗಳಿಗೆ ಬಂದದ್ದು ಸಂಗೀತ ಸಂಯೋಜಕ ಪುಚೀನಿಯಿಂದ. ತೂರಿನ್‌ನ ತೆಯಾತ್ರೊ ರೆಜೊದಲ್ಲಿ 1896ರ ಫೆಬ್ರವರಿ 1ರಂದು, ಇಪ್ಪತ್ತೆಂಟರ ಹರೆಯದ ವಾದ್ಯಮೇಳ ನಿರ್ದೇಶಕ ತೊಸ್ಕಾನೀನಿಯ ನೇತೃತ್ವದಲ್ಲಿ ಮೊದಲು ಪ್ರದರ್ಶನಗೊಂಡ 'ಲಾ ಬೊಎಮ್'ನ ಮೊದಲ ಅಂಕದ ಕೊನೆಯಲ್ಲಿ ಮೂರು ಹಾಡುಗಳು ಒಂದರ ಬೆನ್ನಿಗೆ ಒಂದು ಬರುತ್ತವೆ: ಕವಿ ರೊದೋಲ್ಫೊ ತನ್ನನ್ನು ಪರಿಚಯಿಸಿಕೊಳ್ಳುವ 'ಕೆ ಜೆಲಿದಾ ಮಾನೀನಾ', ಪಕ್ಕದ ಕೋಣೆಯ ಹುಡುಗಿ ಮಿಮಿ ಉತ್ತರಿಸುವ 'ಸಿ, ಮಿ ಕ್ಯಾಮಾನೊ ಮಿಮಿ', ಇಬ್ಬರೂ ಸೇರಿ ಹಾಡುವ 'ಓ ಸೊಆವೆ ಫಾನ್ಚುಲ್ಲಾ'. ಸಾಮಾನ್ಯವಾಗಿ ಇಂಥ ಕಛೇರಿಗಳಲ್ಲಿ ಇವನ್ನು ಬಿಡಿಸಿ, ಕಾರ್ಯಕ್ರಮದ ಬೇರೆ ಬೇರೆ ಮೂಲೆಗಳಲ್ಲಿ ಚದುರಿಸಿಬಿಡುತ್ತಾರೆ. ಇಲ್ಲಿ ಮೂರನ್ನೂ ಎಡೆಬಿಡದೆ, ನಡುವೆ ಚಪ್ಪಾಳೆಗೆ ಆಸ್ಪದ ಕೊಡದೆ ಹಾಡಿದರು. ಪ್ಯಾರಿಸ್‌ನ ಚಳಿಯ ರಾತ್ರಿ, ಆರಿಹೋದ ಮೇಣದಬತ್ತಿ, ಕತ್ತಲಲ್ಲಿ ಕಳೆದ ಬೀಗದಕೈಯನ್ನು ತಡಕಾಡುವ ಎರಡು ಕೈಗಳು ಒಂದನ್ನೊಂದು ತಾಗುವುದು, ಇಷ್ಟನ್ನೂ ಇಬ್ಬರು ಪಿಯಾನೊದ ಪಕ್ಕದ ನಾಲ್ಕು ಹೆಜ್ಜೆ ಜಾಗದಲ್ಲಿ ಕಾಣಿಸಿದರು.

ಸೊಪ್ರಾನೊ ಅವರ ಮಿಮಿಯನ್ನು ನಾನು ಬಹುಕಾಲ ಮರೆಯಲಾರೆ. ತನ್ನ ಹೆಸರು, ತನ್ನ ಕಸೂತಿ ಕೆಲಸ, ತಾನೊಬ್ಬಳೇ ಅಡುಗೆ ಮಾಡಿಕೊಂಡು ಉಣ್ಣುವುದು, ಇಂಥ ಸಣ್ಣ ಸಣ್ಣ ಸಂಗತಿಗಳನ್ನು ಹೇಳುವಾಗ ಅವರ ಧ್ವನಿ ಮಾತಿನ ಮಟ್ಟದಲ್ಲೇ ಇತ್ತು. ಚಳಿ ಕರಗಿ ಮೊದಲ ಬಿಸಿಲು ತನ್ನ ಪಾಲಿನದು ಎನ್ನುವ ಕಡೆ ಅದು ಏಕಾಏಕಿ ಅರಳಿ ಇಡೀ ಚರ್ಚನ್ನು ತುಂಬಿತು. ಆ ಏರಿಕೆಯಲ್ಲಿ ಶ್ರಮದ ಸುಳಿವಿರಲಿಲ್ಲ, ಪ್ರದರ್ಶನದ ಹಂಬಲವೂ ಇರಲಿಲ್ಲ. ಯುಗಳಗೀತೆಯ ಕೊನೆಗೆ ಇಬ್ಬರೂ ನಡುವಿನ ಹಾದಿಯಲ್ಲಿ ನಮ್ಮ ಪಕ್ಕದಲ್ಲೇ ಹಾಯ್ದು ಬಾಗಿಲಿನತ್ತ ನಡೆದರು, ಏಕೆಂದರೆ ಒಪೆರಾದಲ್ಲಿಯೂ ಆ ಪಾತ್ರಗಳು ಹೊರಗೆ ಹೋಗುತ್ತಲೇ ಕೊನೆಯ ಸ್ವರಗಳನ್ನು ಹಾಡುತ್ತವೆ. ಬಹಳಷ್ಟು ಟೆನರ್‌ಗಳು ಆ ಕೊನೆಯಲ್ಲಿ ಸೊಪ್ರಾನೊ ಜೊತೆ ಪೈಪೋಟಿಗೆ ಬಿದ್ದವರಂತೆ ತಾರದ ಸ್ವರಕ್ಕೆ ಏರುತ್ತಾರೆ. ಇವರು ಪುಚೀನಿ ಬರೆದ ಕೆಳಗಿನ ಸ್ವರದಲ್ಲಿಯೇ ನಿಂತು, ಎತ್ತರವನ್ನು ಜೊತೆಗಾರ್ತಿಗೆ ಬಿಟ್ಟುಕೊಟ್ಟರು. ಕೇಳುವುದಕ್ಕೆ ಸಣ್ಣ ವಿಷಯ. ಆದರೆ ಆ ಎರಡು ಸ್ವರಗಳ ನಡುವಿನ ಅಂತರದಲ್ಲಿಯೇ ಪ್ರೀತಿಯ ಸೌಮ್ಯತೆ ಇದೆ.

ಅದೇ ಸೊಪ್ರಾನೊ ಹಾಡಿದ, 'ತೋಸ್ಕಾ'ದ 'ವಿಸ್ಸಿ ದಾರ್ತೆ' ಅವರ ಕಂಠಕ್ಕೆ ತಕ್ಕದ್ದಾಗಿರಲಿಲ್ಲ. ಆ ಹಾಡಿಗೆ ಮಧ್ಯಮ ಸ್ಥಾಯಿಯಲ್ಲಿ ಇನ್ನೂ ಕಪ್ಪಾದ, ಭಾರವಾದ ಧ್ವನಿ ಬೇಕು.

ಆದರೆ 'ಓ ಮಿಯೊ ಬಾಬ್ಬೀನೊ ಕಾರೊ' ಬಂದಾಗ ಅವರು ಮತ್ತೆ ತಮ್ಮ ನೆಲೆಗೆ ಮರಳಿದರು. ಈ ಹಾಡಿರುವ 'ಜಾನ್ನಿ ಸ್ಕಿಕ್ಕಿ' ಫ್ಲಾರೆನ್ಸ್‌ನಲ್ಲಿ 1299ರಲ್ಲಿ ನಡೆಯುವ ಹಾಸ್ಯ ಕಥೆ. ಬೀಜರೂಪ ದಾಂತೆಯ ಕಾವ್ಯದ ನರಕಕಾಂಡದಲ್ಲಿದೆ. ಮೊದಲ ಪ್ರದರ್ಶನ ನಡೆದದ್ದು ಮಾತ್ರ 1918ರ ಡಿಸೆಂಬರ್ 14ರಂದು ನ್ಯೂಯಾರ್ಕ್‌ನಲ್ಲಿ. ಇದನ್ನು ಎದೆ ಬಿರಿಯುವ ವಿರಹಗೀತೆಯಂತೆ ಹಾಡುವ ರೂಢಿ ಬೆಳೆದುಬಿಟ್ಟಿದೆ. ವಾಸ್ತವದಲ್ಲಿ ಲೌರೆತ್ತಾ ಎಂಬ ಹುಡುಗಿ, ತಾನು ಮೆಚ್ಚಿದವನ ಮನೆಯವರಿಗೆ ಸಹಾಯ ಮಾಡಲು ಒಲ್ಲೆನೆನ್ನುವ ಅಪ್ಪನನ್ನು ಕರಗಿಸಲು ಹಾಡುವ ಹಾಡು ಇದು. ಒಪ್ಪದಿದ್ದರೆ ಪೊಂತೆ ವೆಕ್ಕಿಯೊ ಸೇತುವೆಗೆ ಹೋಗಿ ಆರ್ನೋಗೆ ಬೀಳುತ್ತೇನೆ ಎಂದು ಹೆದರಿಸುತ್ತಾಳೆ. ಅವಳ ಪ್ರೀತಿ ನಿಜ, ಬೆದರಿಕೆಯಲ್ಲಿ ಅಷ್ಟಿಷ್ಟು ಮುದ್ದುಗರೆಯುವಿಕೆಯೂ ಇದೆ. ಸೊಪ್ರಾನೊ ಎರಡನ್ನೂ ಬಿಡಲಿಲ್ಲ. ಬ್ಯಾರಿಟೋನನ್ನು ಕುರ್ಚಿಯೊಂದರಲ್ಲಿ ಕೂರಿಸಿ, ಅವರನ್ನೇ ಅಪ್ಪನೆಂದು ಭಾವಿಸಿ ಹಾಡಿದರು; ಆತ ಮುಖ ತಿರುಗಿಸಿ ಕುಳಿತಿದ್ದವರು ಕೊನೆಯ ಸಾಲಿಗೆ ಬರುವಾಗ ಮೆಲ್ಲನೆ ಅವಳತ್ತ ತಿರುಗಿದರು. ಎರಡೂವರೆ ನಿಮಿಷದಲ್ಲಿ ಒಂದು ಮನೆಯ ಒಳಗನ್ನು ಕಂಡಂತಾಯಿತು.

ಎರಡನೆಯ ದೊಡ್ಡ ಗಳಿಗೆ ಬ್ಯಾರಿಟೋನ್ ಅವರದು. 'ರಿಗೊಲೆತ್ತೊ'ದ 'ಕೊರ್ತಿಜಾನಿ' ಎಂಬ ಹಾಡಿನಲ್ಲಿ, ಮಗಳನ್ನು ಅಪಹರಿಸಿದ ಆಸ್ಥಾನಿಕರ ಮೇಲೆ ವಿದೂಷಕ ರಿಗೊಲೆತ್ತೊ ಮೊದಲು ಹರಿಹಾಯುತ್ತಾನೆ, ಆಮೇಲೆ ಕಣ್ಣೀರಿಡುತ್ತಾನೆ, ಕೊನೆಗೆ ಅವರಲ್ಲೇ ಕರುಣೆ ಬೇಡುತ್ತಾನೆ. ಫಿಗಾರೊದಲ್ಲಿ ಕಲಸಿಹೋಗಿದ್ದ ಇವರ ಮಾತು ಇಲ್ಲಿ ಒಂದೊಂದಾಗಿ ಕೆತ್ತಿದಂತೆ ಬಂತು. ಮೂಲದಲ್ಲಿ ಬೇಡಿಕೆಯ ಭಾಗಕ್ಕೆ ಚೆಲ್ಲೊ ವಾದ್ಯದ ಒಂದು ಎಳೆ ಹೆಣೆದುಕೊಂಡಿರುತ್ತದೆ. ಆ ಎಳೆಯನ್ನು ವಾದಕಿ ಪಿಯಾನೊದ ನಡುಸ್ಥಾಯಿಯಲ್ಲಿ ಎಷ್ಟು ಹಾಡುವಂತೆ ನುಡಿಸಿದರೆಂದರೆ ಚೆಲ್ಲೊ ಇಲ್ಲದ ಕೊರತೆ ನನ್ನ ಗಮನಕ್ಕೇ ಬರಲಿಲ್ಲ.

ಹಾಡು ಮುಗಿದು ಚಪ್ಪಾಳೆ ನಿಂತರೂ ಬ್ಯಾರಿಟೋನ್ ಒಳಗೆ ಹೋಗಲಿಲ್ಲ. ತಮ್ಮ ಕೋಟನ್ನು ಕಳಚಿ, ಸುತ್ತಿ, ಮೂಟೆಯಂತೆ ಎದೆಗವಚಿಕೊಂಡು ನಿಂತರು. ಆಗ ಎಡಗಡೆಯ ಪಕ್ಕದ ಕೋಣೆಯ ಬಾಗಿಲಾಚೆಯಿಂದ ಟೆನರ್ ಕಂಠದಲ್ಲಿ 'ಲಾ ದೊನ್ನಾ ಎ ಮೊಬಿಲೆ' ಮತ್ತೆ ಕೇಳಿಸಿತು. ಒಪೆರಾದ ಕೊನೆಯ ಅಂಕದಲ್ಲಿ ರಿಗೊಲೆತ್ತೊ, ತನ್ನ ಮಗಳನ್ನು ಕೆಡಿಸಿದ ಡ್ಯೂಕನನ್ನು ಕೊಲ್ಲಿಸಿದೆನೆಂದು ನಂಬಿ, ಹೆಣದ ಮೂಟೆಯನ್ನು ನದಿಗೆ ಎಸೆಯಲು ಹೊರಟಿರುತ್ತಾನೆ. ಅಷ್ಟರಲ್ಲಿ ದೂರದಿಂದ ಡ್ಯೂಕ್ ತನ್ನ ಆ ಹಗುರ ಹಾಡನ್ನು ಹಾಡುತ್ತಾ ಹೋಗುವುದು ಕೇಳುತ್ತದೆ. ಡ್ಯೂಕ್ ಬದುಕಿದ್ದರೆ ಮೂಟೆಯಲ್ಲಿರುವುದು ಯಾರು? ವೆನಿಸ್‌ನ ಲಾ ಫೆನಿಚೆ ರಂಗಮಂದಿರದಲ್ಲಿ 1851ರ ಮಾರ್ಚ್ 11ರಂದು ಮೊದಲು ಕೇಳಿಸಿದ ಈ ಹಾಡಿನ ನಿಜವಾದ ಕೆಲಸ ಇರುವುದು ಇಲ್ಲಿ. ನಾಲಿಗೆಗೆ ಸುಲಭವಾಗಿ ಅಂಟುವ ರಾಗವನ್ನು ವೆರ್ದಿ ಕೊಟ್ಟದ್ದೇ, ದೂರದಿಂದ ಎರಡು ಸ್ವರ ಕೇಳಿದರೂ ಗುರುತು ಸಿಗಲಿ ಎಂಬಂತಿದೆ. ಬ್ಯಾರಿಟೋನ್ ಒಂದು ಸ್ವರವನ್ನೂ ಹಾಡದೆ, ತೋಳಿನಲ್ಲಿದ್ದ ಕೋಟನ್ನು ನೋಡುತ್ತಾ ನಿಂತರು. ಅರ್ಧ ಗಂಟೆಯ ಹಿಂದೆ ತಲೆದೂಗಿದ್ದ ಸಭೆಯಲ್ಲಿ ಈಗ ಸೂಜಿ ಬಿದ್ದರೂ ಕೇಳುವಷ್ಟು ಮೌನವಿತ್ತು. ಕಥೆ ಗೊತ್ತಿಲ್ಲದವರಿಗೂ ಏನೋ ಘೋರವಾದದ್ದು ನಡೆಯುತ್ತಿದೆ ಎಂಬುದು ತಟ್ಟಿತ್ತು. ಈ ಒಂದು ಕಲ್ಪನೆಗಾಗಿ ಈ ಮೂವರಿಗೂ ನನ್ನ ನಮಸ್ಕಾರ ಸಲ್ಲುತ್ತದೆ.

ಇಂಥ ಗಳಿಗೆಯ ನಂತರ ಬಂದುದರಿಂದಲೇ 'ನೆಸ್ಸುನ್ ದೊರ್ಮಾ' ನನ್ನನ್ನು ನಿರಾಸೆಗೊಳಿಸಿತು. ಪುಚೀನಿ 1924ರಲ್ಲಿ ತೀರಿಕೊಂಡಾಗ, ಈ ಹಾಡಿರುವ 'ತುರಾಂದೊತ್' ಒಪೆರಾ ಅಪೂರ್ಣವಾಗಿತ್ತು. ಫ್ರಾಂಕೊ ಅಲ್ಫಾನೊ ಪೂರೈಸಿದ ಕೃತಿ 1926ರಲ್ಲಿ ಮಿಲಾನ್‌ನ ಲಾ ಸ್ಕಾಲಾದಲ್ಲಿ ರಂಗಕ್ಕೇರಿತು. 1990ರಲ್ಲಿ ಇಟಲಿಯಲ್ಲಿ ನಡೆದ ಫುಟ್‌ಬಾಲ್ ವಿಶ್ವಕಪ್ಪಿನ ಪ್ರಸಾರದಲ್ಲಿ ಟೆನರ್ ಪವರೊತ್ತಿಯ ಕಂಠದಲ್ಲಿ ಕೇಳಿದ ಮೇಲೆ ಜಗತ್ತಿಗೆ ಈ ಹಾಡೆಂದರೆ ಕೊನೆಯ ಆ ಎತ್ತರದ ಸ್ವರ ಎಂದಾಗಿದೆ. ಪುಚೀನಿಯ ಬರಹದಲ್ಲಿ ಅದು ಬಹಳ ಗಿಡ್ಡ ಸ್ವರ. ಅದರ ನಂತರದ ಸ್ವರವೇ ಉದ್ದ. ಎಳೆದು ನಿಲ್ಲಿಸುವುದು ಗಾಯಕರ ರೂಢಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ನಮ್ಮ ಟೆನರ್ ಮೊದಲ ಸಾಲಿನಿಂದಲೇ ಆ ಸ್ವರಕ್ಕಾಗಿ ಉಸಿರು ಕೂಡಿಟ್ಟವರಂತೆ ಹಾಡಿದರು. ನಗರವೆಲ್ಲ ನಿದ್ದೆಗೆಟ್ಟು ಕುಳಿತಿರುವ ರಾತ್ರಿಯಲ್ಲಿ ಒಬ್ಬನೇ ನಿಂತು ಬೆಳಗಿಗಾಗಿ ಕಾಯುವವನ ಆತ್ಮವಿಶ್ವಾಸ, ನಡುವೆ ಸ್ತ್ರೀಯರ ಮೇಳ ದೂರದಿಂದ ಹಾಡುವ ಸಾವಿನ ಭಯ, ಎರಡೂ ಕಾಣೆಯಾಗಿದ್ದವು. ಬಾಗಿಲಾಚೆಯಿಂದ ಹಾಡುವ ಉಪಾಯ ಗೊತ್ತಿದ್ದವರು, ಆ ಮೇಳದ ಸಾಲುಗಳನ್ನು ಸೊಪ್ರಾನೊ ಅವರಿಂದ ಅಲ್ಲಿಂದಲೇ ಹಾಡಿಸಬಹುದಿತ್ತಲ್ಲ ಎಂದು ಈಗಲೂ ಅನಿಸುತ್ತದೆ. ಸ್ವರ ಬಂತು, ನಿಂತಿತು, ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಕೊನೆಗೆ ಮೂವರೂ ಸೇರಿ 'ಲಾ ತ್ರವಿಯಾತಾ'ದ 'ಲಿಬ್ಯಾಮೊ' ಹಾಡಿದರು, ಅದಾದ ಮೇಲೆ 'ಓ ಸೋಲೆ ಮಿಯೊ'. ಎರಡನೆಯದು 1898ರ ನೇಪಲ್ಸ್‌ನ ಜನಪ್ರಿಯ ಗೀತೆ, ಒಪೆರಾದ್ದಲ್ಲ. ವಿನೋದಕ್ಕೆ ಹಾಡಿದ್ದರಲ್ಲಿ ತಪ್ಪೇನಿಲ್ಲವಾದರೂ ಆ ಮಾತನ್ನು ಕೇಳುಗರಿಗೆ ತಿಳಿಸಬೇಕಿತ್ತು.

ವ್ಯವಸ್ಥಾಪಕರ ಮೇಲೆ ನನಗಿರುವ ದೂರು ಇದಕ್ಕೇ ಸಂಬಂಧಿಸಿದ್ದು. ಕೈಗಿತ್ತ ಹಾಳೆಯಲ್ಲಿ ಇಟಾಲಿಯನ್ ಶೀರ್ಷಿಕೆಗಳ ಹೊರತು ಬೇರೇನೂ ಇರಲಿಲ್ಲ. ಯಾವ ಪಾತ್ರ, ಯಾರಿಗೆ, ಯಾಕೆ ಹಾಡುತ್ತಿದೆ ಎಂದು ಎರಡೆರಡು ಸಾಲು ಬರೆದಿದ್ದರೆ, ಆ ಮೂಟೆಯ ಅರ್ಥ ನನ್ನ ಪಕ್ಕದಲ್ಲಿ ಕುಳಿತಿದ್ದ ದಂಪತಿಗೆ ಹೊರಗೆ ಬಂದ ಮೇಲೆ ನಾನು ವಿವರಿಸಬೇಕಾಗುತ್ತಿರಲಿಲ್ಲ. ಇನ್ನೊಂದು, ಬಾಗಿಲಿನ ಭಿತ್ತಿಪತ್ರದಲ್ಲಿ ವಾದ್ಯಮೇಳದ ಚಿತ್ರವಿತ್ತು; ಒಳಗಿದ್ದದ್ದು ಪಿಯಾನೊ ಒಂದೇ. ಆ ವಾದಕಿಗೆ ಸಲ್ಲಬೇಕಾದ ಗೌರವದ ದೃಷ್ಟಿಯಿಂದಲೂ ಅದು ಸರಿಯಲ್ಲ, ಏಕೆಂದರೆ ಇಡೀ ಸಂಜೆಯಲ್ಲಿ ಒಮ್ಮೆಯೂ ಗಾಯಕರ ಉಸಿರಿಗಿಂತ ಮುಂದೆ ಓಡದೆ, ಹಿಂದೆ ಬೀಳದೆ ಅವರನ್ನು ನಡೆಸಿದವರು ಅವರೇ.

ಆಸನಗಳಿಗೆ ಸಂಖ್ಯೆ ಇಲ್ಲ; ಮೊದಲು ಬಂದವರಿಗೆ ಮೊದಲ ಜಾಗ. ಕಲ್ಲುನೆಲದ ತಂಪು ರಾತ್ರಿಯಾಗುತ್ತಾ ಕಾಲಿಗೆ ಹತ್ತುತ್ತದೆ, ಹೆಗಲಿಗೊಂದು ಶಾಲು ಇದ್ದರೆ ಒಳ್ಳೆಯದು. ತೀರ ಹಿಂದೆ ಕುಳಿತರೆ ಅನುರಣನದಲ್ಲಿ ಮಾತು ಕರಗಿಹೋಗುತ್ತದೆ. ನಾಲ್ಕನೆಯ ಸಾಲಿನೊಳಗೆ, ಸಾಧ್ಯವಾದರೆ ಎಡಬದಿಯಲ್ಲಿ ಕುಳಿತುಕೊಳ್ಳಿ. ಡ್ಯೂಕನ ಹಾಡು ಬರುವುದು ಆ ಬದಿಯ ಬಾಗಿಲಿನ ಆಚೆಯಿಂದ.