ಮೊಬೈಲ್ ಸ್ಲಿಂಗ್ ಬ್ಯಾಗಿಗೆ 3 ಮಿ.ಮೀ. ಹತ್ತಿ ದಾರ: ಹೆಣೆದದ್ದೋ, ಹುರಿ ಮಾಡಿದ್ದೋ?

ಮ್ಯಾಕ್ರಮೆ (ಗಂಟು ಹಾಕಿ ಮಾಡುವ ಕಲೆ) ದಾರವೆಂದು ಅಂಗಡಿಯಲ್ಲಿ ಕೊಡುವುದರಲ್ಲಿ ಎರಡು ಬಗೆ. ಕ್ರೋಶಾ (ಕೊಕ್ಕೆಯಿಂದ ಹೆಣೆಯುವ) ಬ್ಯಾಗಿಗೆ ಜಡೆಯಂತೆ ಹೆಣೆದ ದಾರವನ್ನೇ ಕೊಳ್ಳಿ. ಹುರಿ ಮಾಡಿದ್ದು ಅಗ್ಗವಿರಬಹುದು, ಆದರೆ ಕೊಕ್ಕೆ ಎಳೆಗಳ ನಡುವೆ ಸಿಕ್ಕಿ ದಾರ ಸೀಳುತ್ತದೆ, ಕತ್ತರಿಸಿದ ತುದಿ ಕುಂಚದಂತೆ ಬಿಚ್ಚಿಕೊಳ್ಳುತ್ತದೆ.

5 ಮಿ.ಮೀ. ಕೊಕ್ಕೆ ಸಾಕು. 14 ಚೈನ್ (ಒಂದರೊಳಗೊಂದು ಎಳೆದ ಕುಣಿಕೆ) ಹಾಕಿ, ಕೊಕ್ಕೆಯ ಕಡೆಯಿಂದ ಎರಡನೆಯ ಚೈನಿನಿಂದ ಶುರುಮಾಡಿ 12 ಸಿಂಗಲ್ ಕ್ರೋಶಾ (ಗಿಡ್ಡ ಸ್ಟಿಚ್), ಕೊನೆಯ ಚೈನಿನಲ್ಲಿ 3, ತಿರುಗಿ ಇನ್ನೊಂದು ಬದಿಯಲ್ಲಿ 11, ಕಡೆಯ ಚೈನಿನಲ್ಲಿ 2. ಒಟ್ಟು 28. ಇದನ್ನೇ ಹೆಚ್ಚಿಸದೆ, ಇಳಿಸದೆ ಸುತ್ತುತ್ತಾ 18 ಸೆಂ.ಮೀ. ಎತ್ತರಕ್ಕೆ ಒಯ್ಯಿರಿ. ಪಟ್ಟಿ ಸೇರಿ ಸುಮಾರು 50 ಮೀಟರ್ ದಾರ ಬೇಕು. ಬಿಗಿಯಾಗಿ ಹೆಣೆಯುವವರಿಗೆ ಸ್ವಲ್ಪ ಹೆಚ್ಚೇ.

ಪ್ರತಿ ಸುತ್ತಿನ ಕೊನೆಯನ್ನು ಅದರ ಮೊದಲಿಗೆ ಜೋಡಿಸದೆ ಹೀಗೆ ಸುತ್ತುತ್ತಾ ಹೋದರೆ ಸ್ಟಿಚ್‌ಗಳು ನಿಧಾನವಾಗಿ ಒಂದೇ ಕಡೆಗೆ ವಾಲುತ್ತವೆ. ಹಾಗಾಗಿ ಪಟ್ಟಿಯ ಜಾಗವನ್ನು ತಳದ ಗುರುತು ನೋಡಿ ಹುಡುಕಬೇಡಿ. ಬ್ಯಾಗನ್ನು ಮಟ್ಟಸವಾಗಿ ಮಡಿಸಿ, ಎರಡೂ ಅಂಚಿನ ನಡುವೆ 14 ಸ್ಟಿಚ್ ಎಣಿಸಿ.

ಹೆಚ್ಚಿನವರ ಬ್ಯಾಗು ಕೆಡುವುದು ಪಟ್ಟಿಯಲ್ಲೇ. ಬರೀ ಚೈನಿನ ಪಟ್ಟಿ ಮೊಬೈಲಿನ ಭಾರಕ್ಕೆ ಜಗ್ಗಿ ಸೊಂಟದ ಕೆಳಗೆ ಇಳಿಯುತ್ತದೆ. ಚೈನಿನ ಹಿಂಬದಿಯ ಉಬ್ಬುಗಳಲ್ಲಿ ಸ್ಲಿಪ್ ಸ್ಟಿಚ್ (ದಾರವನ್ನು ಕೊಕ್ಕೆಯ ಮೇಲಿನ ಕುಣಿಕೆಯಿಂದಲೂ ನೇರ ಎಳೆಯುವ ಸ್ಟಿಚ್) ಹಾಕುತ್ತಾ ವಾಪಸ್ ಬನ್ನಿ. ಜಗ್ಗುವುದು ಬಹಳ ಕಡಿಮೆಯಾಗುತ್ತದೆ. ಆದರೂ ಬೇಕಾದ ಉದ್ದಕ್ಕಿಂತ ಮೂರು ನಾಲ್ಕು ಸೆಂ.ಮೀ. ಕಡಿಮೆಯೇ ಇರಲಿ.

ಗಾಢ ಕೆಂಪು, ನೀಲಿ ದಾರದ ತುಂಡೊಂದನ್ನು ಮೊದಲು ನೆನೆಸಿ, ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿ. ಬಣ್ಣ ಬಿಟ್ಟರೆ ಆ ಉರುಳೆ ಬ್ಯಾಗಿಗೆ ಬೇಡ, ಬೆವರಿಗೆ ಅಂಗಿಯೆಲ್ಲ ಕಲೆಯಾಗುತ್ತದೆ.