1959ರ ನಾಲ್ಕು ಜಾಝ್ ಆಲ್ಬಮ್‌ಗಳು: ಬೇಸ್ ಆಲಿಸಿ ಮಾಡಿದ ಹೋಲಿಕೆ

1959ರಲ್ಲಿ ಬಿಡುಗಡೆಯಾದ ನಾಲ್ಕು ಜಾಝ್ ಆಲ್ಬಮ್‌ಗಳನ್ನು ನಾನು ಹಲವು ವರ್ಷಗಳಿಂದ ಕೇಳುತ್ತ ಬಂದಿದ್ದೇನೆ: ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’, ಡೇವ್ ಬ್ರೂಬೆಕ್ ಮತ್ತು ಸಂಗಡಿಗರ ‘ಟೈಮ್ ಔಟ್’, ಚಾರ್ಲ್ಸ್ ಮಿಂಗಸ್ ಅವರ ‘ಮಿಂಗಸ್ ಆ ಅಮ್’ ಹಾಗೂ ಆರ್ನೆಟ್ ಕೋಲ್ಮನ್ ಅವರ ‘ದ ಶೇಪ್ ಆಫ್ ಜಾಝ್ ಟು ಕಮ್’. ಇವುಗಳಲ್ಲಿ ಯಾವುದು ಮೇಲು ಎಂದು ಯಾರಾದರೂ ಕೇಳಿದ್ದರೆ, ತಡವರಿಸದೆ ಮೊದಲನೆಯದನ್ನು ಹೆಸರಿಸುತ್ತಿದ್ದೆ. ಇತ್ತೀಚೆಗೆ ಕೆಲವು ವಾರಗಳ ಕಾಲ ಈ ನಾಲ್ಕನ್ನೂ ಪಕ್ಕಪಕ್ಕದಲ್ಲಿಟ್ಟು ಕ್ರಮವಾಗಿ ಕೇಳಿದ ಮೇಲೆ ಆ ಉತ್ತರ ನನ್ನಲ್ಲಿ ಉಳಿದಿಲ್ಲ.

ಕೇಳಿದ ಕ್ರಮವನ್ನು ಮೊದಲು ಹೇಳುತ್ತೇನೆ. ಒಂದು ವಾರಕ್ಕೆ ಒಂದೇ ಆಲ್ಬಮ್. ಆ ವಾರ ಬೇರೆ ಸಂಗೀತವಿಲ್ಲ. ಮೊದಲ ಸುತ್ತಿನಲ್ಲಿ ಸ್ಪೀಕರಿನ ಮುಂದೆ ಕುಳಿತು, ಎಲ್‌ಪಿಯ (ಎರಡು ಬದಿಯ ಹಳೆಯ ಗ್ರಾಮಫೋನ್ ತಟ್ಟೆಯ) ಮೂಲ ಕ್ರಮದಲ್ಲಿಯೇ, ಮೊದಲಿನಿಂದ ಕೊನೆಯವರೆಗೆ ಕೇಳಿದೆ. ಎರಡನೆಯ ಸುತ್ತಿನಲ್ಲಿ ಓದುವಾಗ, ಬರೆಯುವಾಗ ಹಿನ್ನೆಲೆಯಲ್ಲಿ ಹಾಕಿಕೊಂಡೆ. ಏಕೆಂದರೆ ಹೆಚ್ಚಿನವರು, ನಾನೂ ಸೇರಿದಂತೆ, ಸಂಗೀತವನ್ನು ಕೇಳುವುದು ಹಾಗೆಯೇ. ಮೂರನೆಯ ಸುತ್ತಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಬೇಸ್ ಒಂದನ್ನೇ, ಎಂದರೆ ತಗ್ಗಿನ ಸ್ವರಗಳನ್ನು ನುಡಿಸುವ ದೊಡ್ಡ ತಂತಿವಾದ್ಯವನ್ನೇ, ಹಿಂಬಾಲಿಸಿದೆ. ಕೋಲ್ಮನ್ ಅವರಲ್ಲಿ ಪಿಯಾನೋ ಇಲ್ಲ, ಬ್ರೂಬೆಕ್ ಅವರಲ್ಲಿ ಟ್ರಂಪೆಟ್ ಇಲ್ಲ. ಸ್ಯಾಕ್ಸೋಫೋನ್ ಮತ್ತು ಡ್ರಮ್ಸ್ ನಾಲ್ಕರಲ್ಲೂ ಇವೆಯಾದರೂ ಅವು ತಾವಾಗಿಯೇ ಕಿವಿಗೆ ಬೀಳುತ್ತವೆ. ಬೇಸನ್ನು ಮಾತ್ರ ನಾವೇ ಹುಡುಕಿಕೊಂಡು ಹೋಗಬೇಕು. ನನ್ನ ತೀರ್ಪನ್ನು ತಿರುಗಿಸಿದ್ದು ಈ ಮೂರನೆಯ ಸುತ್ತು.

ಹೋಲಿಕೆ ನ್ಯಾಯವಾಗಿರಲು ಇನ್ನೊಂದು ಅನುಕೂಲವೂ ಇದೆ. ನಾಲ್ಕರಲ್ಲಿ ಮೂರು ಆಲ್ಬಮ್‌ಗಳು ಒಂದೇ ಕೋಣೆಯಲ್ಲಿ, ನ್ಯೂಯಾರ್ಕಿನ 30ನೇ ಬೀದಿಯಲ್ಲಿದ್ದ ಕೊಲಂಬಿಯಾ ಸಂಸ್ಥೆಯ ಸ್ಟುಡಿಯೋದಲ್ಲಿ ಧ್ವನಿಮುದ್ರಣಗೊಂಡವು. ಅದು ಮೊದಲು ಚರ್ಚ್ ಆಗಿದ್ದ ಕಟ್ಟಡ. ಎತ್ತರದ ಛಾವಣಿಯಡಿ ಸ್ವರಗಳು ಹರಡಿ ನಿಲ್ಲುವ ಬಗೆಯನ್ನು ಈ ಮೂರರಲ್ಲೂ ಗುರುತಿಸಬಹುದು. ಡೇವಿಸ್ ಅಲ್ಲಿ ಮಾರ್ಚ್ 2 ಮತ್ತು ಏಪ್ರಿಲ್ 22ರಂದು ನುಡಿಸಿದರು; ಮಿಂಗಸ್ ಮೇ 5 ಮತ್ತು 12ರಂದು; ಬ್ರೂಬೆಕ್ ಜೂನ್ 25, ಜುಲೈ 1 ಮತ್ತು ಆಗಸ್ಟ್ 18ರಂದು. ಕೋಲ್ಮನ್ ಅವರ ಆಲ್ಬಮ್ ಮಾತ್ರ ಅಟ್ಲಾಂಟಿಕ್ ಸಂಸ್ಥೆಗಾಗಿ ಲಾಸ್ ಏಂಜಲಿಸ್‌ನಲ್ಲಿ, ಮೇ 22ರ ಒಂದೇ ದಿನದಲ್ಲಿ ಮುಗಿಯಿತು. ಅದರ ಧ್ವನಿ ಹೆಚ್ಚು ಒಣಗಿದ್ದು, ಕಿವಿಗೆ ಹೆಚ್ಚು ಹತ್ತಿರವಾದದ್ದು. ಅದನ್ನು ಕೊರತೆಯೆಂದು ನಾನು ಎಣಿಸಿಲ್ಲ.

ಮೊದಲ ಎರಡು ಸುತ್ತುಗಳಲ್ಲಿ ‘ಕೈಂಡ್ ಆಫ್ ಬ್ಲೂ’ಗೆ ಎದುರಾಳಿಯೇ ಇರಲಿಲ್ಲ. ಅದರ ಮೊದಲ ರಚನೆ ‘ಸೋ ವಾಟ್’ 32 ಬಾರ್‌ಗಳ (ನಮ್ಮ ಆವರ್ತದಂಥ ಅಳತೆಗಳ) ಚೌಕಟ್ಟಿನದು. ಮೊದಲ 16 ಬಾರ್‌ಗಳು ಡಿ ಸ್ವರವನ್ನು ಆಧಾರವಾಗಿ ಹಿಡಿದ ಡೋರಿಯನ್ ಶ್ರೇಣಿಯಲ್ಲಿವೆ, ಎಂದರೆ ನಮ್ಮ ಖರಹರಪ್ರಿಯದ ಸ್ವರಗಳಲ್ಲಿ. ನಂತರ ಇಡೀ ಶ್ರುತಿಯೇ ಅರ್ಧ ಸ್ವರದಷ್ಟು ಮೇಲೇರಿ ಎಂಟು ಬಾರ್ ಅಲ್ಲಿದ್ದು, ಕೊನೆಯ ಎಂಟಕ್ಕೆ ಮತ್ತೆ ಹಳೆಯ ಜಾಗಕ್ಕೆ ಇಳಿಯುತ್ತದೆ. ಗಮಕವೂ ಸಂಚಾರದ ನಿಯಮವೂ ಇಲ್ಲದ ಇದನ್ನು ರಾಗವೆನ್ನಲಾಗದು. ಆದರೂ ಕ್ಷಣಕ್ಕೊಂದು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು) ಬದಲಾಗುತ್ತಿದ್ದ ಅಂದಿನ ಜಾಝ್‌ನ ನಡುವೆ, ಒಂದೇ ಶ್ರೇಣಿಯಲ್ಲಿ ಅಷ್ಟು ಹೊತ್ತು ನಿಂತು ಮನೋಧರ್ಮವನ್ನು ಬೆಳೆಸುವ ಈ ಕ್ರಮ ರಾಗಸಂಗೀತಕ್ಕೆ ಒಗ್ಗಿದ ಕಿವಿಗೆ ಮನೆಗೆ ಬಂದಂತೆ ಅನ್ನಿಸುವುದು ಸಹಜ. ನನ್ನ ಹಳೆಯ ಒಲವಿನಲ್ಲಿ ಈ ಪರಿಚಯದ ಸುಖಕ್ಕೂ ದೊಡ್ಡ ಪಾಲಿತ್ತು ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ.

‘ಸೋ ವಾಟ್’ನ ಎತ್ತುಗಡೆ ಬೇಸ್‌ನದೇ. ಪಿಯಾನೋದ ಬಿಲ್ ಎವಾನ್ಸ್ ಮತ್ತು ಬೇಸ್‌ನ ಪಾಲ್ ಚೇಂಬರ್ಸ್ ತಾಳವಿಲ್ಲದ ಒಂದು ಸಣ್ಣ ಪೀಠಿಕೆ ಹಾಕಿದ ಮೇಲೆ, ಮುಖ್ಯ ಮಟ್ಟನ್ನು ಚೇಂಬರ್ಸ್ ಪ್ರಶ್ನೆಯಂತೆ ನುಡಿಸುತ್ತಾರೆ; ಉಳಿದವರು ಎರಡೇ ಕಾರ್ಡ್‌ಗಳಲ್ಲಿ ಉತ್ತರ ಕೊಡುತ್ತಾರೆ. ಹೀಗಿದ್ದೂ ಮೂರನೆಯ ಸುತ್ತಿನಲ್ಲಿ ನನಗೆ ಆದ ಅನುಭವವೇ ಬೇರೆ. ಟ್ರಂಪೆಟ್ ನುಡಿಸುವ ಡೇವಿಸ್ ಅವರ ಸರದಿ ಶುರುವಾದೊಡನೆ ಚೇಂಬರ್ಸ್ ಸಮವಾದ ನಡಿಗೆಗೆ ಇಳಿದುಬಿಡುತ್ತಾರೆ; ಆ ನಡಿಗೆ ಎಷ್ಟು ನಯವಾಗಿದೆಯೆಂದರೆ, ಅದನ್ನೇ ಹಿಂಬಾಲಿಸಬೇಕೆಂದು ಕುಳಿತಿದ್ದ ನಾನು ಮತ್ತೆ ಮತ್ತೆ ತಪ್ಪಿಹೋಗಿ, ಅರಿವಿಲ್ಲದೆ ಟ್ರಂಪೆಟ್ಟಿನ ಹಿಂದೆ ನಡೆದುಬಿಟ್ಟಿರುತ್ತಿದ್ದೆ. ‘ಆಲ್ ಬ್ಲೂಸ್’ನಲ್ಲಿ ಒಂದೇ ಬೇಸ್ ಪಲುಕು ಮರಳಿ ಮರಳಿ ಬರುವಾಗಲೂ ಹೀಗೆಯೇ ಆಯಿತು. ಇಲ್ಲಿನ ಬೇಸ್ ತನ್ನನ್ನು ಅಳಿಸಿಕೊಳ್ಳುವುದರಲ್ಲಿಯೇ ತನ್ನ ಕೆಲಸವನ್ನು ಪೂರ್ತಿ ಮಾಡುತ್ತದೆ. ಅದು ದೊಡ್ಡ ವಿದ್ಯೆಯೇ ಸರಿ. ಆದರೆ ಈ ಆಲ್ಬಮ್ ಇಷ್ಟು ಸಲೀಸಾಗಿ ಹಿನ್ನೆಲೆಗೆ ಸರಿದುಬಿಡುವುದಕ್ಕೂ ಅದೇ ಕಾರಣವಿರಬೇಕು. ಎರಡನೆಯ ಸುತ್ತಿನಲ್ಲಿ, ಓದಿನ ನಡುವೆ, ಮೊದಲ ಬದಿ ಮುಗಿದದ್ದೇ ನನಗೆ ತಿಳಿಯದ ದಿನಗಳಿದ್ದವು.

ಈ ಆಲ್ಬಮ್ ಕೇಳುವವರು ತಮ್ಮ ಪ್ರತಿ ಯಾವುದೆಂದು ನೋಡಿಕೊಳ್ಳಬೇಕು. ಮಾರ್ಚ್ 2ರಂದು ಬಳಸಿದ ಟೇಪ್ ಯಂತ್ರ ತುಸು ನಿಧಾನವಾಗಿ ಓಡಿದ್ದರಿಂದ, ಮೊದಲ ಬದಿಯ ಮೂರೂ ರಚನೆಗಳು ಎಲ್‌ಪಿಯಲ್ಲಿ ನಿಜಕ್ಕಿಂತ ಸ್ವಲ್ಪ ವೇಗವಾಗಿ, ಸ್ವಲ್ಪ ಏರಿದ ಶ್ರುತಿಯಲ್ಲಿ ಕೇಳಿಸುತ್ತಿದ್ದವು. 1990ರ ದಶಕದ ಮರುಬಿಡುಗಡೆಗಳಲ್ಲಿ ಇದನ್ನು ಸರಿಪಡಿಸಲಾಯಿತು. ನನ್ನ ಬಳಿ ಎರಡೂ ಬಗೆಯವು ಇವೆ. ವ್ಯತ್ಯಾಸ ಅರ್ಧ ಸ್ವರಕ್ಕೂ ಕಡಿಮೆಯೇ, ಆದರೆ ಸರಿಪಡಿಸಿದ ಪ್ರತಿಯಲ್ಲಿ ಚೇಂಬರ್ಸ್ ಅವರ ತಂತಿಗೆ ತೂಕ ಮರಳಿದೆ. ‘ಬ್ಲೂ ಇನ್ ಗ್ರೀನ್’ನಂಥ ವಿಳಂಬದ ರಚನೆಯಲ್ಲಿ ಆ ತೂಕ ಬಹಳ ಮುಖ್ಯ.

‘ಟೈಮ್ ಔಟ್’ ವಿಚಾರದಲ್ಲಿ ನಾನು ಹೆಚ್ಚು ಬರೆಯಬೇಕಾಗಿಲ್ಲ. ಬ್ರೂಬೆಕ್ 1958ರ ಪ್ರವಾಸದಲ್ಲಿ ಇಸ್ತಾಂಬುಲ್‌ನ ಬೀದಿ ವಾದ್ಯಗಾರರಿಂದ ಕೇಳಿದ ಒಂಬತ್ತರ ಎಣಿಕೆ ‘ಬ್ಲೂ ರೊಂಡೊ ಅ ಲಾ ಟರ್ಕ್’ ಆಯಿತು: ಮೂರು ಬಾರಿ 2+2+2+3, ನಾಲ್ಕನೆಯ ಬಾರಿ 3+3+3. ತಂಡದ ಸ್ಯಾಕ್ಸೋಫೋನ್ ವಾದಕ ಪಾಲ್ ಡೆಸ್ಮಂಡ್ ರಚಿಸಿದ ‘ಟೇಕ್ ಫೈವ್’ 3+2ರ ಐದು. ಖಂಡಚಾಪುವಿನ 2+3ಕ್ಕೆ ಒಗ್ಗಿದವರಿಗೆ ಕಾಲು ಮೊದಲು ತಪ್ಪಿ, ಮರುಗಳಿಗೆಯಲ್ಲಿ ಸರಿಹೋಗುತ್ತದೆ. ಇಂಥ ಎಣಿಕೆಗಳು ತಾಳದ ಪರಿಚಯವಿರುವವರನ್ನು ಬೆರಗುಗೊಳಿಸಲಾರವು. ನನಗೆ ಕೊರತೆಯಾಗಿ ಕಂಡದ್ದು ಇನ್ನೊಂದು: ‘ಬ್ಲೂ ರೊಂಡೊ’ದಲ್ಲಿ ಮನೋಧರ್ಮದ ಹೊತ್ತು ಬಂದಾಗ ಒಂಬತ್ತನ್ನು ಬಿಟ್ಟು ಸಾಮಾನ್ಯ ನಾಲ್ಕರ ಎಣಿಕೆಯ ಬ್ಲೂಸ್‌ಗೆ (ಜಾಝ್‌ನ ಒಂದು ಮೂಲ ಧಾಟಿಗೆ) ಮರಳುತ್ತಾರೆ. ಕಷ್ಟದ ತಾಳ ಮುಖಮಂಟಪದಲ್ಲಿಯೇ ಉಳಿಯಿತು, ಗರ್ಭಗುಡಿಗೆ ಬರಲಿಲ್ಲ. ‘ಟೇಕ್ ಫೈವ್’ನಲ್ಲಿ ಹಾಗಾಗುವುದಿಲ್ಲ, ಪಿಯಾನೋದ ಒಂದೇ ಪಲುಕು ಕೊನೆಯವರೆಗೂ ಐದನ್ನು ಹಿಡಿದಿರುತ್ತದೆ, ಅದರ ಮೇಲೆ ಜೋ ಮೊರೆಲ್ಲೊ ಡ್ರಮ್ಸ್‌ನಲ್ಲಿ ಬಿಡುವ ಖಾಲಿ ಜಾಗಗಳು ಇಡೀ ಆಲ್ಬಮ್‌ನ ಅತ್ಯುತ್ತಮ ಕ್ಷಣಗಳು. ಬೇಸ್‌ನ ಯೂಜೀನ್ ರೈಟ್ ಇಲ್ಲಿ ಎಣಿಕೆಯ ಕಾವಲುಗಾರ. ‘ಪಿಕ್ ಅಪ್ ಸ್ಟಿಕ್ಸ್’ನಲ್ಲಿ ಆರು ಎಣಿಕೆಯ ಒಂದೇ ಸಾಲನ್ನು ಅವರು ಹಿಡಿದುಕೊಂಡು ಹೋಗುವ ದೃಢತೆಯನ್ನು ಮೆಚ್ಚಿದೆ, ಆದರೆ ಮೂರನೆಯ ಬಾರಿಗೆ ಅದರಲ್ಲಿ ಹೊಸದೇನೂ ಸಿಗಲಿಲ್ಲ.

ರೈಟ್ ಅವರ ಕುರಿತು ಒಂದು ಮಾತು ಹೇಳಲೇಬೇಕು. ಬ್ರೂಬೆಕ್ ತಂಡದ ನಾಲ್ವರಲ್ಲಿ ಅವರೊಬ್ಬರೇ ಕಪ್ಪು ಜನಾಂಗದವರು. 1960ರ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಕಾಲೇಜುಗಳಲ್ಲಿ ಕಛೇರಿಗಳು ಗೊತ್ತಾಗಿದ್ದಾಗ, ಬೇಸ್ ವಾದಕರನ್ನು ಬದಲಿಸಿ ಎಂಬ ಒತ್ತಾಯ ಬಂತು. ಬ್ರೂಬೆಕ್ ಒಪ್ಪಲಿಲ್ಲ, ಆ ಪ್ರವಾಸದ ಬಹುಪಾಲು ಕಛೇರಿಗಳು ರದ್ದಾದವು. ಈ ಸಂಗತಿ ತಿಳಿದ ಮೇಲೆ, ಆಲ್ಬಮ್‌ನ ತಳದಲ್ಲಿ ಸದ್ದಿಲ್ಲದೆ ನಡೆಯುವ ಆ ಬೇಸನ್ನು ನಾನು ಮೊದಲಿನಷ್ಟು ಹಗುರವಾಗಿ ದಾಟಿ ಹೋಗಲಾರೆ.

ಮಿಂಗಸ್ ಸ್ವತಃ ಬೇಸ್ ವಾದಕರು, ಹಾಗಾಗಿ ಮೂರನೆಯ ಸುತ್ತು ಅವರ ಕಡೆಗೇ ವಾಲುತ್ತದೆ ಎಂಬ ಆಕ್ಷೇಪಣೆ ಬರಬಹುದು. ನಾನೂ ಹಾಗೆಯೇ ಶಂಕಿಸಿದ್ದೆ. ಆದರೆ ‘ಮಿಂಗಸ್ ಆ ಅಮ್’ನಲ್ಲಿ ನಾನು ನಿರೀಕ್ಷಿಸಿದ್ದ ಬೇಸ್ ಪ್ರದರ್ಶನ ಸಿಗಲಿಲ್ಲ. ಮೊದಲ ರಚನೆ ‘ಬೆಟರ್ ಗಿಟ್ ಇಟ್ ಇನ್ ಯುವರ್ ಸೋಲ್’ ಬೇಸ್ ಒಂದರಿಂದಲೇ ತೊಡಗುತ್ತದೆ, ನಿಜ. ಕೆಲವೇ ಕ್ಷಣಗಳಲ್ಲಿ ಊದುವ ವಾದ್ಯಗಳ ಗುಂಪೇ ನುಗ್ಗುತ್ತದೆ, ಚರ್ಚಿನ ಪ್ರಾರ್ಥನಾಸಭೆಯಲ್ಲಿ ಮೈಮರೆತವರ ಕೂಗಿನಂತೆ ಮಿಂಗಸ್ ಕೂಗುತ್ತಾರೆ. ಮುಂದೆ ಒಂದು ಕಡೆ ಉಳಿದೆಲ್ಲವೂ ಸರಿದು, ಬೂಕರ್ ಎರ್ವಿನ್ ಅವರ ಸ್ಯಾಕ್ಸೋಫೋನ್ ಬರಿಯ ಚಪ್ಪಾಳೆ ಮತ್ತು ಡ್ರಮ್ಸ್ ಮೇಲೆ ನಡೆಯುತ್ತದೆ. ಬೇಸನ್ನು ಹಿಂಬಾಲಿಸುತ್ತಿದ್ದ ನನಗೆ ಅಲ್ಲಿ ಕಾಲ ಕೆಳಗಿನ ನೆಲವೇ ಕಾಣೆಯಾಯಿತು. ಬೇಸ್ ಇಲ್ಲದಿರುವುದನ್ನೂ ಬೇಸ್ ವಾದಕರೊಬ್ಬರು ಹೀಗೆ ಬಳಸಿಕೊಳ್ಳಬಹುದು ಎಂಬುದು, ಈ ರಚನೆಯನ್ನು ಎಷ್ಟೋ ಸಲ ಕೇಳಿದ್ದರೂ, ನನ್ನ ಗಮನಕ್ಕೆ ಬಂದದ್ದು ಆಗಲೇ.

ಎರಡನೆಯ ರಚನೆ ‘ಗುಡ್‌ಬೈ ಪೋರ್ಕ್ ಪೈ ಹ್ಯಾಟ್’, 1959ರ ಮಾರ್ಚ್ 15ರಂದು ತೀರಿಕೊಂಡ ಸ್ಯಾಕ್ಸೋಫೋನ್ ವಾದಕ ಲೆಸ್ಟರ್ ಯಂಗ್ ಅವರಿಗೆ ಸಲ್ಲಿಸಿದ ಶೋಕಗೀತೆ. ಅವರು ತೀರಿಕೊಂಡು ಎರಡು ತಿಂಗಳು ಕೂಡ ಆಗಿರಲಿಲ್ಲ. ಅಬ್ಬರದ ಮೊದಲ ರಚನೆಯ ಬೆನ್ನಿಗೇ ಬರುವ ಈ ಮೌನದ ನಡೆ ನನ್ನನ್ನು ಪ್ರತಿ ಬಾರಿಯೂ ಕೆಲಸದಿಂದ ಎಬ್ಬಿಸಿದೆ. ಎರಡನೆಯ ಸುತ್ತಿನಲ್ಲಿ ಈ ಆಲ್ಬಮ್ ಸೋತದ್ದೂ ಇದೇ ಕಾರಣಕ್ಕೆ. ಹಿನ್ನೆಲೆಯಲ್ಲಿ ಇರಲು ಅದು ಒಪ್ಪುವುದಿಲ್ಲ. ‘ಫೇಬಲ್ಸ್ ಆಫ್ ಫಾಬಸ್’ ಅಂತೂ ಹೆಸರು ಹಿಡಿದೇ ಎದುರಿಗೆ ನಿಲ್ಲುತ್ತದೆ: 1957ರಲ್ಲಿ ಲಿಟಲ್ ರಾಕ್‌ನ ಪ್ರೌಢಶಾಲೆಗೆ ಒಂಬತ್ತು ಮಂದಿ ಕಪ್ಪು ವಿದ್ಯಾರ್ಥಿಗಳು ಕಾಲಿಡದಂತೆ ನ್ಯಾಷನಲ್ ಗಾರ್ಡ್ ಪಡೆಯನ್ನು ನಿಲ್ಲಿಸಿದ ಅರ್ಕನ್ಸಾ ರಾಜ್ಯದ ಗವರ್ನರ್ ಓರ್ವಲ್ ಫಾಬಸ್ ಅವರನ್ನು ಕುರಿತದ್ದು ಅದು. ಈ ಆಲ್ಬಮ್‌ನಲ್ಲಿ ಅದಕ್ಕೆ ಪದಗಳಿಲ್ಲ. ಮರುವರ್ಷ ಬೇರೊಂದು ಸಂಸ್ಥೆಗಾಗಿ ಮಿಂಗಸ್ ಅದನ್ನು ಪದಗಳೊಂದಿಗೆ ಧ್ವನಿಮುದ್ರಿಸಿದರು. ಎರಡನ್ನೂ ಕೇಳಿದ ನನಗೆ ಪದಗಳಿಲ್ಲದ ಆವೃತ್ತಿಯೇ ಹೆಚ್ಚು ಚುಚ್ಚುವಂತೆ ತೋರುತ್ತದೆ. ಅಣಕದ ಹೆಜ್ಜೆಯಲ್ಲಿ ನಡೆಯುವ ಆ ಮಟ್ಟಿಗೆ ಪದಗಳ ಹಂಗಿಲ್ಲ.

ಎಲ್ಲ ರಚನೆಗಳೂ ಈ ಎತ್ತರದಲ್ಲಿಲ್ಲ. ‘ಬರ್ಡ್ ಕಾಲ್ಸ್’ ನನ್ನನ್ನು ಹೆಚ್ಚು ಹೊತ್ತು ಹಿಡಿದಿಡಲಿಲ್ಲ. ಮೂಲ ಎಲ್‌ಪಿಗಾಗಿ ಹಲವು ರಚನೆಗಳನ್ನು ಕತ್ತರಿಸಲಾಗಿತ್ತು, ನಂತರದ ಮರುಬಿಡುಗಡೆಗಳಲ್ಲಿ ಪೂರ್ತಿ ರೂಪ ಸಿಗುತ್ತದೆ. ಬಿಡಿಯಾಗಿ ಕೇಳುವವರಿಗೆ ಪೂರ್ಣರೂಪ ಚೆನ್ನ. ಆಲ್ಬಮ್ ಆಗಿ ಕೇಳುವಾಗ ಕತ್ತರಿಸಿದ ರೂಪದ ಬಿಗಿಯೇ ನನಗೆ ಹಿಡಿಸಿತು.

ಕೋಲ್ಮನ್ ಅವರ ಆಲ್ಬಮ್ ಮೊದಲ ಸುತ್ತಿನಲ್ಲಿ ಕೊನೆಯ ಸ್ಥಾನದಲ್ಲಿತ್ತು. ಅವರ ಪ್ಲಾಸ್ಟಿಕ್ ಸ್ಯಾಕ್ಸೋಫೋನಿನ ಬಿರುಸಾದ ಧ್ವನಿಗೂ, ಡಾನ್ ಚೆರ್ರಿ ಅವರ ಕಾರ್ನೆಟ್ (ಟ್ರಂಪೆಟ್‌ನಂಥ ಚಿಕ್ಕ ವಾದ್ಯ) ಜೊತೆ ಅದು ಒಂದೇ ಮಟ್ಟನ್ನು ಬೇಕೆಂದೇ ತುಸು ಒರಟಾಗಿ ನುಡಿಸುವುದಕ್ಕೂ ಕಿವಿ ಒಗ್ಗಲು ದಿನಗಳು ಬೇಕಾದವು. ‘ಲೋನ್ಲಿ ವುಮನ್’ ರಚನೆಯನ್ನು ಬೇಸ್ ಮೂಲಕ ಕೇಳಿದ ರಾತ್ರಿ ಈ ಅಂದಾಜು ಬುಡಮೇಲಾಯಿತು. ಬಿಲ್ಲಿ ಹಿಗ್ಗಿನ್ಸ್ ಅವರ ಸಿಂಬಲ್ ದ್ರುತಗತಿಯಲ್ಲಿ ಓಡುತ್ತಿರುತ್ತದೆ. ಅದರ ಕೆಳಗೆ ಚಾರ್ಲಿ ಹೇಡನ್ ಎರಡು ತಂತಿಗಳನ್ನು ಒಟ್ಟಿಗೆ ಮೀಟುತ್ತ ನಿಧಾನಕ್ಕೆ ನಡೆಯುತ್ತಾರೆ. ಮೇಲಿನ ಎರಡು ವಾದ್ಯಗಳು ಯಾವ ಕಾಲಕ್ಕೂ ಕಟ್ಟುಬೀಳದೆ ಗೋಳಿಡುತ್ತವೆ. ಪಿಯಾನೋ ಇಲ್ಲದ್ದರಿಂದ ಕಾರ್ಡ್ ಯಾವುದೆಂದು ಹೇಳುವವರಿಲ್ಲ; ಕೋಲ್ಮನ್ ಯಾವ ಕಡೆಗೆ ತಿರುಗಿದರೂ ಅವರ ಕೆಳಗೆ ನೆಲ ಹಾಸುವ ಹೊಣೆ ಹೇಡನ್ ಒಬ್ಬರದೇ. ಬಾಲ್ಯದಲ್ಲಿ ಕುಟುಂಬದವರೊಂದಿಗೆ ರೇಡಿಯೋದಲ್ಲಿ ಹಳ್ಳಿಹಾಡು ಹಾಡುತ್ತ ಬೆಳೆದವರು ಅವರು; ಆ ಸರಳತೆ, ಸ್ವರಕ್ಕೆ ಸ್ವರ ಕೊಟ್ಟು ಕಾಯುವ ಆ ತಾಳ್ಮೆ, ಅವರ ಬೇಸ್‌ನಲ್ಲಿದೆ. ಶೋಕವನ್ನು ಕುರಿತ ರಚನೆಗಳನ್ನಷ್ಟೇ ಸಾಲಾಗಿಟ್ಟರೆ, ‘ಬ್ಲೂ ಇನ್ ಗ್ರೀನ್’ ದುಃಖವನ್ನು ದೂರದಿಂದ ಚಿತ್ರಿಸುತ್ತದೆ, ಮಿಂಗಸ್ ಅವರದು ಸತ್ತವರ ಮನೆಗೆ ಕರೆದೊಯ್ಯುತ್ತದೆ, ‘ಲೋನ್ಲಿ ವುಮನ್’ ಮಾತ್ರ ಒಂಟಿಯಾದವರ ಒಳಗಿನಿಂದಲೇ ನುಡಿಯುತ್ತದೆ.

ಈ ಹೋಲಿಕೆಯಲ್ಲಿ ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ ‘ಜೈಂಟ್ ಸ್ಟೆಪ್ಸ್’ ಏಕಿಲ್ಲ ಎಂದು ಕೇಳುವವರಿದ್ದಾರೆ. ಅದರ ಬಹುಪಾಲು 1959ರ ಮೇ 4 ಮತ್ತು 5ರಂದು ಧ್ವನಿಮುದ್ರಣಗೊಂಡಿತಾದರೂ ಬಿಡುಗಡೆಯಾದದ್ದು 1960ರಲ್ಲಿ. ನಿಯಮದಂತೆ ಅದನ್ನು ಬಿಟ್ಟಿದ್ದೇನೆ. ಬಿಟ್ಟರೂ ಅದರಿಂದ ಒಂದು ಪಾಠ ಸಿಕ್ಕಿತು. ಅದರಲ್ಲಿಯೂ ಬೇಸ್ ಪಾಲ್ ಚೇಂಬರ್ಸ್ ಅವರದೇ, ‘ಮಿಸ್ಟರ್ ಪಿ.ಸಿ.’ ಎಂಬ ರಚನೆಯ ಹೆಸರೂ ಅವರದೇ. ‘ಕೈಂಡ್ ಆಫ್ ಬ್ಲೂ’ ಮುಗಿದು ಎರಡು ವಾರ ಕಳೆಯುವುದರೊಳಗೆ ಅದೇ ಕೈಗಳು ಕಾರ್ಡ್‌ಗಳ ಬಿರುಗಾಳಿಯ ನಡುವೆ ಓಡುವುದನ್ನು ಕೇಳಿದಾಗ, ಡೇವಿಸ್ ಅವರಲ್ಲಿ ಚೇಂಬರ್ಸ್ ತೋರಿದ ಸಂಯಮ ಸಾಮರ್ಥ್ಯದ ಮಿತಿಯಿಂದ ಬಂದದ್ದಲ್ಲ, ಆಯ್ದುಕೊಂಡದ್ದು ಎಂಬುದು ಸ್ಪಷ್ಟವಾಯಿತು. ಹೀಗಾಗಿ ಕೋಲ್ಮನ್ ಅವರ ಆಲ್ಬಮ್‌ಗೆ ಎರಡನೆಯ ಸ್ಥಾನ ಕೊಟ್ಟು ‘ಕೈಂಡ್ ಆಫ್ ಬ್ಲೂ’ವನ್ನು ಮೂರಕ್ಕೆ ಇಳಿಸಬೇಕೆಂದಿದ್ದವನು ಮನಸ್ಸು ಬದಲಿಸಿ, ಎರಡನ್ನೂ ಎರಡನೆಯ ಸ್ಥಾನದಲ್ಲಿಯೇ ಸಮನಾಗಿ ಇರಿಸಿದ್ದೇನೆ. ‘ಟೈಮ್ ಔಟ್’ ನಾಲ್ಕನೆಯದು. ಮೊದಲ ಸ್ಥಾನ ಮಿಂಗಸ್ ಅವರದು. ಸದ್ಯ ಪ್ರತಿದಿನ ಒಮ್ಮೆ, ಆ ಚಪ್ಪಾಳೆಯ ಭಾಗ ಮುಗಿದು ಬೇಸ್ ಮತ್ತೆ ಒಳಗೆ ಬರುವ ಗಳಿಗೆಗಾಗಿ, ಅದನ್ನು ಮೊದಲಿನಿಂದ ಹಾಕುತ್ತಿದ್ದೇನೆ.